ಬಿಸಿಲು ಬೀಳುವ ಕಡಿದಾದ ಇಳಿಜಾರಿಗೆ ನೆಲಹೊದಿಕೆ: ಧಾರವಾಡ ಸೀಮೆಯಲ್ಲಿ ಯಾವ ಗಿಡ ನಿಲ್ಲುತ್ತದೆ

ಧಾರವಾಡದ ಹಳೆಯ ಬಡಾವಣೆಗಳ ಮನೆಗಳು ನೆಲದ ಏರಿಳಿತಕ್ಕೆ ತಕ್ಕಂತೆ ಕಟ್ಟಿದಂಥವು. ಈಗ ಹುಬ್ಬಳ್ಳಿ–ಧಾರವಾಡದ ಸುತ್ತ ಏಳುತ್ತಿರುವ ಹೊಸ ಬಡಾವಣೆಗಳಲ್ಲಿ ಜೆಸಿಬಿಯಿಂದ ದಿಬ್ಬ ಕಡಿದು ನಿವೇಶನವನ್ನು ಸಮತಟ್ಟು ಮಾಡುವುದೇ ರೂಢಿಯಾಗಿದೆ. ಹಾಗೆ ಕಡಿದ ಮೇಲೆ ಮನೆಯ ಹಿಂದೆಯೋ ಪಕ್ಕಕ್ಕೋ ಮೇಲ್ಮಣ್ಣು ಕಳೆದುಕೊಂಡು ದಿನವಿಡೀ ಬಿಸಿಲಿಗೆ ಕಾಯುವ ಒಂದು ಬೋಳು ಇಳಿಜಾರು ಉಳಿಯುತ್ತದೆ. ಮೊದಲ ಮುಂಗಾರಿನಲ್ಲಿ ಅದರಿಂದ ರಾಡಿ ಅಂಗಳಕ್ಕೆ ಇಳಿಯುತ್ತದೆ. ಎರಡನೆಯ ಮುಂಗಾರಿನ ಹೊತ್ತಿಗೆ ಅಲ್ಲಿ ಕಾಂಗ್ರೆಸ್ ಕಸ ತುಂಬಿರುತ್ತದೆ. ಆಗ ಮನೆಯವರು ನರ್ಸರಿಗೆ ಹೋಗಿ, ಕಣ್ಣಿಗೆ ಹೆಚ್ಚು ಹಸಿರಾಗಿ ಕಂಡ ಹಬ್ಬುವ ಗಿಡವೊಂದನ್ನು ಚೀಲಗಟ್ಟಲೆ ತಂದು ನೆಡುತ್ತಾರೆ. ಜುಲೈ ತಿಂಗಳಲ್ಲಿ ಎಲ್ಲ ಗಿಡಗಳೂ ಹಸಿರಾಗಿಯೇ ಇರುವುದರಿಂದ ಆ ಆಯ್ಕೆಗೆ ಹೆಚ್ಚಿನ ಅರ್ಥವಿಲ್ಲ. ನಮ್ಮ ಕಡೆಯ ಇಳಿಜಾರಿಗೆ ಗಿಡ ಆರಿಸುವವರು ಅದು ಏಪ್ರಿಲ್ ತಿಂಗಳಲ್ಲಿ, ನೀರಿಲ್ಲದೆ, ಹೇಗಿರುತ್ತದೆ ಎಂಬುದನ್ನು ಮೊದಲು ಕೇಳಬೇಕು.

ನೆಲಹೊದಿಕೆಯ ಗಿಡ ಮಾಡುವ ಕೆಲಸ ಎರಡು ಬಗೆಯದು; ಅವೆರಡನ್ನೂ ಒಂದೇ ಗಿಡ ಚೆನ್ನಾಗಿ ಮಾಡುವುದು ಅಪರೂಪ. ಮೊದಲನೆಯದು ಮಳೆಹನಿಯ ಪೆಟ್ಟನ್ನು ತಡೆಯುವುದು. ಗುಡುಗುಮಳೆಯ 5 ಮಿಲಿಮೀಟರ್ ವ್ಯಾಸದ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಬೋಳು ಮಣ್ಣಿನ ಹರಳುಗಳು ಆ ಪೆಟ್ಟಿಗೆ ಒಡೆದು ಸಿಡಿಯುತ್ತವೆ. ಇಳಿಜಾರಿನಲ್ಲಿ ಸಿಡಿದ ಮಣ್ಣಿನ ಹೆಚ್ಚಿನ ಪಾಲು ಕೆಳಗಡೆಗೇ ಬೀಳುತ್ತದೆ. ಒಡೆದ ಪುಡಿ ಮೇಲ್ಮೈಯ ರಂಧ್ರಗಳನ್ನು ಮುಚ್ಚುವುದರಿಂದ ನೀರು ಇಂಗದೆ ಹರಿಯತೊಡಗುತ್ತದೆ. ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹನಿಯ ಈ ಪೆಟ್ಟಿನ ಕಾರಣದಿಂದಲೇ ಎತ್ತರದ ಮರವೊಂದು ಮಣ್ಣನ್ನು ಕಾಯುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಸಾಗವಾನಿಯ ಅಗಲವಾದ ಎಲೆಯಲ್ಲಿ ಕೂಡಿಕೊಂಡ ನೀರು ಇನ್ನೂ ದಪ್ಪ ಹನಿಯಾಗಿ ಮತ್ತೆ ವೇಗ ಪಡೆದು ಕೆಳಗೆ ಬೀಳುತ್ತದೆ. ಆ ಮರದ ಬುಡದ ನೆಲ ಬೋಳಾಗಿದ್ದರೆ ಕೊರಕಲು ತಪ್ಪುವುದಿಲ್ಲ. ಹನಿಯನ್ನು ನೆಲದಿಂದ ಗೇಣೆತ್ತರದಲ್ಲಿ ಹಿಡಿಯುವ ಎಲೆಯೇ ಇಲ್ಲಿ ಬೇಕು. ಎರಡನೆಯ ಕೆಲಸ ಬೇರಿನದು, ಅಂದರೆ ಮೇಲಿನ ಅರ್ಧ ಮೀಟರ್‌ನಷ್ಟು ಮಣ್ಣನ್ನು ಹಿಡಿದಿಡುವುದು. ನೆಲದ ಮೇಲೆ ಚೆಂದವಾಗಿ ಹಬ್ಬುವ ಎಷ್ಟೋ ಗಿಡಗಳ ಬೇರು ನಾಲ್ಕು ಬೆರಳು ಆಳಕ್ಕೂ ಇಳಿಯುವುದಿಲ್ಲ ಎಂಬುದು ನೆನಪಿನಲ್ಲಿರಬೇಕಾದ ಸಂಗತಿ.

ಗಿಡದ ಮಾತಿಗೆ ಹೋಗುವ ಮುನ್ನ ಇಳಿಜಾರನ್ನು ಅಳೆಯಬೇಕು. ಇದಕ್ಕೆ ಗವಂಡಿಯ ರಸಮಟ್ಟ, ಒಂದು ಮೀಟರ್ ಉದ್ದದ ನೇರ ಪಟ್ಟಿ ಮತ್ತು ಟೇಪು ಸಾಕು. ಪಟ್ಟಿಯ ಒಂದು ತುದಿಯನ್ನು ಇಳಿಜಾರಿನ ಮೇಲಿಟ್ಟು, ರಸಮಟ್ಟ ನೋಡಿ ಪಟ್ಟಿಯನ್ನು ಸಮವಾಗಿ ಹಿಡಿದು, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಇಳಿವಿದೆ ಎಂದು ಅಳೆಯಬೇಕು. ಇಳಿವು 33 ಸೆಂಟಿಮೀಟರಿನ ಒಳಗಿದ್ದರೆ ಹುಲ್ಲುಹಾಸು ಬೆಳೆಸಿ ಯಂತ್ರದಿಂದ ಕತ್ತರಿಸಲೂಬಹುದು. 33ರಿಂದ 50ರವರೆಗಿನದು, ಎಂದರೆ ಸುಮಾರು 18ರಿಂದ 27 ಡಿಗ್ರಿಯ ಓರೆ, ನೆಲಹೊದಿಕೆಗೆ ತಕ್ಕ ಜಾಗ. ಅಲ್ಲಿಂದ ಮುಂದಕ್ಕೆ ಗಿಡದ ಜೊತೆಗೆ ಕಲ್ಲಿನ ಸಾಲು, ಗೂಟ, ನಾರಿನ ಬಲೆ ಇವುಗಳ ಆಸರೆ ಬೇಕು. ಇಳಿವು 100 ಸೆಂಟಿಮೀಟರಿಗೆ ಹತ್ತಿರವಾದರೆ, ಅದು 45 ಡಿಗ್ರಿಯ ಓರೆ. ಅಲ್ಲಿಗೆ ಬೇಕಾದದ್ದು ನೀರು ಹೊರಹೋಗಲು ತೂತುಗಳಿರುವ ತಡೆಗೋಡೆ. ಇಳಿಜಾರಿನ ನೆತ್ತಿಯಲ್ಲಿ ಉದ್ದುದ್ದ ಬಿರುಕು ಮೂಡಿದ್ದರೆ, ಬುಡ ಉಬ್ಬಿದ್ದರೆ, ಬೇಲಿಯ ಕಂಬಗಳು ಒಂದೇ ಕಡೆಗೆ ವಾಲಿದ್ದರೆ ಅಲ್ಲಿ ಆಳದ ಮಣ್ಣೇ ಜಾರುತ್ತಿದೆ ಎಂದು ತಿಳಿಯಬೇಕು. ಅದನ್ನು ಯಾವ ಬೇರೂ ತಡೆಯಲಾರದು. ಎಂಜಿನಿಯರರನ್ನು ಕರೆಯುವುದೇ ಸರಿ.

ಬಿಸಿಲಿನ ದಿಕ್ಕಿನ ಬಗ್ಗೆ ತೋಟಗಾರಿಕೆಯ ಪುಸ್ತಕಗಳು ಹೇಳುವ ಮಾತು ನಮಗೆ ಪೂರ್ತಿ ಹೊಂದುವುದಿಲ್ಲ. ಉತ್ತರದ ಶೀತ ದೇಶಗಳಲ್ಲಿ ತೆಂಕಣ ಇಳಿಜಾರೇ ಬಿಸಿಲಿನದು, ಬಡಗಣದ್ದು ನೆರಳಿನದು. ಧಾರವಾಡ ಇರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯ ನಡು ಮಧ್ಯಾಹ್ನ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಎರಡನೆಯ ವಾರದವರೆಗೆ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಆದ್ದರಿಂದ ಬಡಗಣ ಇಳಿಜಾರಿಗೂ ಕಡು ಬೇಸಿಗೆಯ ಬಿಸಿಲು ತಪ್ಪದು. ತೆಂಕಣ ಇಳಿಜಾರಿನ ಕಷ್ಟದ ಕಾಲ ಬೇರೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುವಾಗ, 30 ಡಿಗ್ರಿ ಓರೆಯ ತೆಂಕಣ ಇಳಿಜಾರಿಗೆ ಕಿರಣಗಳು ಬಹುಮಟ್ಟಿಗೆ ನೇರವಾಗಿ ಬಡಿಯುತ್ತವೆ, ಸಮತಟ್ಟು ನೆಲಕ್ಕಿಂತ ಅಲ್ಲಿ ಕಾಲುಪಾಲು ಹೆಚ್ಚು ಬಿಸಿಲು ಬೀಳುತ್ತದೆ. ಹಿಂಗಾರಿನ ಹಸಿ ಆರುವ ಕಾಲವೂ ಅದೇ ಆದ್ದರಿಂದ ತೆಂಕಣ ಇಳಿಜಾರು ಉಳಿದವುಗಳಿಗಿಂತ ಮೊದಲೇ ಒಣಗುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ಪಡುವಣದ್ದು. ಮಾರ್ಚ್–ಏಪ್ರಿಲ್ ತಿಂಗಳ ಇಳಿಹೊತ್ತಿನ ಬಿಸಿಲು, ಜೂನ್–ಜುಲೈ ತಿಂಗಳ ಗಾಳಿಮಳೆ ಎರಡೂ ಅದರ ಮುಖಕ್ಕೇ ಹೊಡೆಯುತ್ತವೆ. ಪಡುವಣ ಇಳಿಜಾರಿನಲ್ಲಿ ಬದುಕುವ ಗಿಡ ಉಳಿದ ಯಾವ ದಿಕ್ಕಿನಲ್ಲಿಯೂ ಬದುಕೀತು.

ಮಣ್ಣು ಇದಕ್ಕಿಂತ ದೊಡ್ಡ ಪ್ರಶ್ನೆ. ಧಾರವಾಡದ ದಕ್ಷಿಣ ಮತ್ತು ಪಶ್ಚಿಮಕ್ಕೆ, ಕಲಘಟಗಿ, ಅಳ್ನಾವರದ ಕಡೆಗೆ, ಹಾವೇರಿ ಜಿಲ್ಲೆಯಲ್ಲಿ ಹಾನಗಲ್ಲಿನ ಕಡೆಗೆ ಕೆಂಪು ಮಸಾರಿ ಮಣ್ಣು ಹೆಚ್ಚು. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣಗಳದ್ದು ಎರೆ, ಅಂದರೆ ಕಪ್ಪು ಜೇಡಿಮಣ್ಣಿನ, ಸೀಮೆ. ಮಸಾರಿ ಇಳಿಜಾರನ್ನು ಕಡಿದಾಗ ಕೆಳಗಿನ ಗರಸು, ಅಂದರೆ ಹರಳು ಬೆರೆತ ಗಟ್ಟಿ ಮಣ್ಣು, ಬಯಲಾಗುತ್ತದೆ. ಗರಸಿನಲ್ಲಿ ನೀರು ನಿಲ್ಲುವುದಿಲ್ಲ, ಸಾರವೂ ಇರುವುದಿಲ್ಲ, ಹಾರೆಯಿಲ್ಲದೆ ಕುಣಿಯೂ ಆಗುವುದಿಲ್ಲ. ಆದರೆ ಅದು ಸುಲಭವಾಗಿ ಜಾರುವುದೂ ಇಲ್ಲ. ಬೇರಿಗೆ ದಾರಿಯೊಂದನ್ನು ಮಾಡಿಕೊಟ್ಟರೆ ಗಿಡ ಗಟ್ಟಿಯಾಗಿ ಕೂರುತ್ತದೆ. ಎರೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಎರೆ ಭೂಮಿ ಸಹಜವಾಗಿ ಸಮತಟ್ಟಾದದ್ದು. ಅಲ್ಲಿ ಕಡಿದಾದ ಇಳಿಜಾರು ಹುಟ್ಟುವುದು ಹೆಚ್ಚಾಗಿ ಮನೆಯ ಬುನಾದಿಗೆ ಅಗೆದ ಮಣ್ಣನ್ನು ಪಕ್ಕಕ್ಕೆ ರಾಶಿ ಹಾಕಿದ್ದರಿಂದ ಅಥವಾ ಕಾಲುವೆ ತೋಡಿದ್ದರಿಂದ. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬಿಟ್ಟು, ಆ ಬಿರುಕಿಗೆ ಸಿಕ್ಕ ತೆಳು ಬೇರುಗಳು ಹರಿಯುತ್ತವೆ. ಮೊದಲ ಅಡ್ಡಮಳೆಯ ನೀರು ಬಿರುಕಿನೊಳಗಿಂದ ಆಳಕ್ಕಿಳಿದು, ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ಒಂದು ಹನಿಯೂ ಒಳಗಿಳಿಯದೆ ಮೇಲೆ ಹರಿಯುತ್ತದೆ. ನೆನೆದ ಎರೆಯ ಇಳಿಜಾರು ತನ್ನ ಭಾರಕ್ಕೇ ಕುಸಿಯುವುದುಂಟು. ಆದ್ದರಿಂದ ಗರಸಿನ ಇಳಿಜಾರಿನಲ್ಲಿ ನೀರನ್ನು ಹಿಡಿದು ನಿಲ್ಲಿಸುವ ಉಪಾಯ ಮಾಡಬೇಕು, ಎರೆಯ ಇಳಿಜಾರಿನಲ್ಲಿ ನೀರನ್ನು ಬೇಗ ದಾಟಿಸುವ ಉಪಾಯ ಮಾಡಬೇಕು. ಒಂದರ ಉಪಚಾರವನ್ನು ಇನ್ನೊಂದಕ್ಕೆ ಮಾಡಿದರೆ ಕೆಡುಕೇ ಆಗುತ್ತದೆ. ಎರೆ ರಾಶಿಯ ನೆತ್ತಿಯಲ್ಲಿ ನೀರಿಂಗುವ ಗುಂಡಿ ತೋಡುವುದು ಅಂಥ ಕೆಡುಕುಗಳಲ್ಲೊಂದು.

ಬೇರಿನ ಸಾಲು, ಆಮೇಲೆ ಹಾಸು

ಎರಡೂ ಮಣ್ಣಿಗೆ ಸಲ್ಲುವ ಗಿಡ ಒಂದಿದೆ: ಲಾವಂಚ. ಬೇಸಿಗೆಯಲ್ಲಿ ತಂಪಿಗಾಗಿ ಇದರ ಬೇರನ್ನು ಮಡಕೆಯ ನೀರಿಗೆ ಹಾಕುವ ರೂಢಿ ನಮ್ಮಲ್ಲಿದೆ. ಈ ಹುಲ್ಲಿನ ಬೇರು ಅಡ್ಡಡ್ಡ ಹರಡದೆ ನೇರವಾಗಿ ಕೆಳಗಿಳಿಯುತ್ತದೆ. ಆಳವಾದ ಮಣ್ಣು ಸಿಕ್ಕರೆ 3 ಮೀಟರ್‌ವರೆಗೂ ಹೋಗುತ್ತದೆ. ಮೇಲ್ಗಡೆ ಒತ್ತೊತ್ತಾದ ಬುಡಗಳು ಸೇರಿ ಜೀವಂತ ಒಡ್ಡಿನಂತೆ ನಿಂತು, ಹರಿದು ಬಂದ ನೀರನ್ನು ಸೋಸಿ ಮಣ್ಣನ್ನು ಹಿಂದೆ ಉಳಿಸಿಕೊಳ್ಳುತ್ತವೆ. ಹಾಗೆ ಕೂಡಿದ ಮಣ್ಣು ವರ್ಷದಿಂದ ವರ್ಷಕ್ಕೆ ಸಣ್ಣ ಮೆಟ್ಟಿಲಾಗುತ್ತದೆ. ಮಣ್ಣಿನ ಸವಕಳಿ ತಡೆಯಲು ಲಾವಂಚದ ಸಾಲನ್ನು ಹಾಕಬೇಕೆಂದು ವಿಶ್ವ ಬ್ಯಾಂಕಿನ ತಜ್ಞರು 1980ರ ದಶಕದಲ್ಲಿ ಪ್ರಚಾರ ಮಾಡಿದರು. ಗುಂಡ್ಲುಪೇಟೆಯ ರೈತರು ಅದನ್ನು ಅದಕ್ಕೂ ಬಹಳ ಹಿಂದಿನಿಂದ ಹೊಲದ ಗಡಿಗೆ ನೆಡುತ್ತಿದ್ದರು. ಕೊಳ್ಳುವಾಗ ಬೀಜ ಕಟ್ಟದ ದಕ್ಷಿಣ ಭಾರತದ ತಳಿಯನ್ನೇ ಕೇಳಿ ತರಬೇಕು, ಆಗ ಅದು ನೆಟ್ಟಲ್ಲಿಂದ ಆಚೆಗೆ ಹಬ್ಬುವುದಿಲ್ಲ. ಲಾವಂಚಕ್ಕೆ ನೆರಳು ಆಗದು. ನಮ್ಮ ಇಳಿಜಾರಿನಲ್ಲಿ ಆ ತೊಂದರೆಯೇ ಇಲ್ಲ. ಆದರೆ ಲಾವಂಚ ನೆಲವನ್ನು ಮುಚ್ಚುವುದಿಲ್ಲ, ಸಾಲಾಗಿ ನಿಲ್ಲುತ್ತದೆ ಅಷ್ಟೆ. ಸಾಲುಗಳ ನಡುವಿನ ಜಾಗಕ್ಕೆ ಹಾಸಾಗುವ ಗಿಡ ಬೇರೆಯೇ ಬೇಕು.

ಗರಸು ಮತ್ತು ಮಸಾರಿಯ ಇಳಿಜಾರಿಗೆ ನನ್ನ ಮೊದಲ ಆಯ್ಕೆ ವಿಷ್ಣುಕ್ರಾಂತಿಯ ಕುಲದ್ದು. ನಮ್ಮ ಮಡ್ಡಿ ನೆಲಗಳಲ್ಲಿ ತಾನಾಗಿ ಬೆಳೆಯುವ ಸಣ್ಣ ನೀಲಿ ಹೂವಿನ ವಿಷ್ಣುಕ್ರಾಂತಿಗೆ ಗಟ್ಟಿ ಬೇರುಗಡ್ಡೆಯಿರುವುದರಿಂದ ಮೇಲಿನ ಭಾಗ ಬೇಸಿಗೆಯಲ್ಲಿ ಸುಟ್ಟರೂ ಮಳೆಗೆ ಮತ್ತೆ ಚಿಗುರುತ್ತದೆ. ನರ್ಸರಿಗಳಲ್ಲಿ ಎವಾಲ್ವುಲಸ್ ಎಂದು ಸಿಗುವುದು ಅದೇ ಕುಲದ ಬ್ರೆಜಿಲ್ ಮೂಲದ ಗಿಡ. ಹೂವು ದೊಡ್ಡದು, ಹಾಸು ದಟ್ಟ, ನೀರು ನಿಲ್ಲದ ನೆಲದಲ್ಲಿ ಬಾಳಿಕೆಯೂ ಚೆನ್ನ. ಎರೆಯಲ್ಲಿ ಮಾತ್ರ ಅದು ಮಳೆಗಾಲದಲ್ಲಿ ಕೊಳೆಯುತ್ತದೆ. ಇದರ ನಡುನಡುವೆ ಕಾಶಿಗಣಗಲನ್ನು ಧಾರಾಳವಾಗಿ ಬಿಡಬಹುದು. ಅದು ತಾನೇ ಬೀಜ ಉದುರಿಸಿ ಖಾಲಿ ಜಾಗಗಳನ್ನು ತುಂಬುತ್ತದೆ, ಬೀದಿಯ ಆಕಳು, ಆಡುಗಳು ಅದಕ್ಕೆ ಬಾಯಿ ಹಾಕುವುದಿಲ್ಲ. ಊರ ಅಂಚಿನ ಮನೆಗಳಿಗೆ ಈ ಕೊನೆಯ ಗುಣ ಉಳಿದೆಲ್ಲ ಗುಣಗಳಿಗಿಂತ ಮುಖ್ಯವಾದೀತು. ನೇರಳೆ ಹೂವಿನ ಹಬ್ಬುವ ಲಂಟಾನ ಬಿಸಿಲು, ಬರ ಎರಡನ್ನೂ ಸಹಿಸುತ್ತದೆ, ನೆಲಕ್ಕೆ ತಾಗಿದ ಕೊಂಬೆಯಲ್ಲಿ ಬೇರು ಬಿಟ್ಟು ಇಳಿಜಾರನ್ನು ಹಿಡಿಯುತ್ತದೆ. ಕಾಡುಗಳನ್ನು ಆಕ್ರಮಿಸಿದ ಪೊದೆ ಲಂಟಾನ ಬೇರೆ ಜಾತಿಯದಾದರೂ ಇದನ್ನೂ ಕಾಡಿನ ಅಂಚಿನ ಜಾಗಗಳಲ್ಲಿ ನೆಡದಿರುವುದು ಒಳ್ಳೆಯದು. ಊರೊಳಗಿನ ಅಂಗಳಕ್ಕೆ ಅಡ್ಡಿಯಿಲ್ಲ, ಎಲೆ ದನಗಳಿಗೆ ವಿಷ ಎಂಬ ಎಚ್ಚರವಿದ್ದರೆ ಸಾಕು.

ಎರೆಯ ಇಳಿಜಾರಿನಲ್ಲಿ ಆಯ್ಕೆ ಕಡಿಮೆ. ಅಲ್ಲಿ ಗೆಲ್ಲುವುದು ಹೊಲದಲ್ಲಿ ರೈತ ಶಾಪ ಹಾಕುವ ಕರಿಕೆ, ಅಂದರೆ ಗರಿಕೆ ಹುಲ್ಲು. ನೆಲದ ಮೇಲೆ ಓಡುವ ಬಳ್ಳಿ, ನೆಲದ ಒಳಗೆ ಓಡುವ ಕಾಂಡ ಎರಡೂ ಅದಕ್ಕಿರುವುದರಿಂದ ಬಿರುಕು ಒಂದು ಕಡೆ ಹರಿದರೂ ಇನ್ನೊಂದು ಕಡೆಯಿಂದ ಹೊಲಿದುಕೊಳ್ಳುತ್ತದೆ. ಹೊಲಕ್ಕೆ ಪೀಡೆಯಾದ ಹಟವೇ ಇಳಿಜಾರಿಗೆ ಆಸರೆಯಾಗುತ್ತದೆ. ಅದು ಪಕ್ಕದ ಹೂವಿನ ಮಡಿಗೆ ನುಗ್ಗದಂತೆ ಗಡಿಯಲ್ಲಿ ಒಂದಡಿ ಆಳಕ್ಕೆ ಚಪ್ಪಡಿಯನ್ನೋ ಹಳೆಯ ಹಂಚನ್ನೋ ನಿಲ್ಲಿಸಬೇಕು. ಕರಿಕೆ ಬೇಡವೆನ್ನುವವರಿಗೆ ನೆಲಹಿಪ್ಪಲಿ ಇದೆ. ಗಿಣ್ಣುಗಿಣ್ಣಿಗೂ ಬೇರು ಬಿಡುತ್ತ ಚಾಪೆಯಾಗುವ, ಜೇನು ಬಯಸುವ ಪುಟ್ಟ ಹೂವಿನ ಈ ದೇಸಿ ಗಿಡ ಕೆರೆದಂಡೆಯ ಜೇಡಿಯಲ್ಲಿ ಬೆಳೆದದ್ದು, ನೆನೆದು ಒಣಗುವ ಮಣ್ಣಿಗೆ ಒಗ್ಗಿದ್ದು. ಕಡು ಬೇಸಿಗೆಯಲ್ಲಿ ಎಲೆ ಸಣ್ಣದಾಗಿ ಮಂಕಾಗುತ್ತದೆ, ಆದರೆ ಸಾಯುವುದಿಲ್ಲ.

ಇಳಿಜಾರು ಎತ್ತರದ್ದಾಗಿದ್ದರೆ ಅಲ್ಲಲ್ಲಿ ಪೊದೆಗಳೂ ಬೇಕು. ಇದಕ್ಕೆ ಪಾಠ ಬೇಕಿದ್ದರೆ ಬೇಸಿಗೆಯಲ್ಲಿ ಗದಗದಿಂದ ಕಪ್ಪತಗುಡ್ಡದ ಕಡೆಗೆ ಹೋಗಬೇಕು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುವ ಆ ಸೀಮೆಯಲ್ಲಿ ಏಪ್ರಿಲ್ ಹೊತ್ತಿಗೆ ಹುಲ್ಲೆಲ್ಲ ಹೊಂಬಣ್ಣಕ್ಕೆ ತಿರುಗಿದ್ದರೂ ತಂಗಡಿ ಮತ್ತು ಕವಳಿ ಹಸಿರಾಗಿಯೇ ನಿಂತಿರುತ್ತವೆ. ತಂಗಡಿಯ ಹಳದಿ ಹೂವಿಗೆ ಯಾವ ನರ್ಸರಿಯ ಹೂವೂ ಸಾಟಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕವಳಿಯ ಮುಳ್ಳು ಬೇಲಿಯ ಕೆಲಸವನ್ನೂ ಮಾಡುತ್ತದೆ, ಮೇ ತಿಂಗಳಲ್ಲಿ ಮಕ್ಕಳಿಗೆ ಹಣ್ಣನ್ನೂ ಕೊಡುತ್ತದೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮವಾಗಿರುವುದರಿಂದ ಅಲ್ಲಿಂದ ಗಿಡ, ಬೀಜ ಏನನ್ನೂ ತರುವಂತಿಲ್ಲ. ಹೊಲದ ಬದುಗಳಲ್ಲಿ, ರಸ್ತೆ ಬದಿಯಲ್ಲಿ ಇವುಗಳ ಬೀಜ ಬೇಕಾದಷ್ಟು ಸಿಗುತ್ತದೆ.

ಇನ್ನು ಬೇಡವಾದವುಗಳು. ಹಳದಿ ಸೇವಂತಿಯಂಥ ಹೂವು ಬಿಡುವ ವೆಡೇಲಿಯಾ ತಿಂಗಳೊಪ್ಪತ್ತಿನಲ್ಲಿ ಇಳಿಜಾರನ್ನು ಮುಚ್ಚುತ್ತದೆ ಎಂದು ನರ್ಸರಿಯವರು ಹೇಳುವುದು ಸುಳ್ಳಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಪ್ರಕಟಿಸಿದ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ ಎಂಬುದನ್ನು ಅವರು ಹೇಳುವುದಿಲ್ಲ. ಕತ್ತರಿಸಿ ಬಿಸಾಡಿದ ತುಂಡು ಗಟಾರದ ನೀರಿನಲ್ಲಿ ಹೋಗಿ ಕೆರೆಯ ಅಂಚಿನಲ್ಲಿ ಬೇರೂರುತ್ತದೆ. ಮಲೆನಾಡಿನ ತೋಟಗಳಲ್ಲಿ ನೋಡಿ ಮೆಚ್ಚಿ ತರುವ ಪಿಂಟೋ ಶೇಂಗಾ ಒಳ್ಳೆಯ ಗಿಡವೇ. ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ, ಹಾಸು ಮೃದುವಾಗಿರುತ್ತದೆ. ಆದರೆ ಅದಕ್ಕೆ ಒಳ್ಳೆಯ ಮಳೆ ಬೇಕು. ವರ್ಷಕ್ಕೆ 750–800 ಮಿಲಿಮೀಟರ್ ಮಳೆಯ ಧಾರವಾಡದಲ್ಲಿ, ಅದೂ ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಒಣದಿನಗಳೇ ಇರುವಾಗ, ನೀರು ಕೊಡದಿದ್ದರೆ ಅದು ಎಲೆ ಉದುರಿಸಿ ನೆಲವನ್ನು ಬೋಳು ಬಿಡುತ್ತದೆ. ಮಲಪ್ರಭೆಯ ನೀರನ್ನು ದಿನಗಟ್ಟಲೆ ಕಾಯುವ ಮನೆಗಳಲ್ಲಿ ಇಳಿಜಾರಿಗೆ ನೀರು ಎಲ್ಲಿಂದ ತರುವುದು? ಮೆಕ್ಸಿಕನ್ ಹುಲ್ಲುಹಾಸಿನದೂ ಇದೇ ಕತೆ. ಹತ್ತು ಗಂಟೆ ಹೂವು ಮತ್ತು ನೇರಳೆ ಎಲೆಯ ಟ್ರಾಡಿಸ್ಕಾಂಶಿಯಾ ಬಿಸಿಲಿಗೆ ಹೆದರುವುದಿಲ್ಲ, ಆದರೆ ಬೇರು ತೀರ ಮೇಲೆ. ಲಾವಂಚದ ಸಾಲಿನ ನಡುವೆ ಅಂದಕ್ಕೆ ಇರಲಿ, ಹೊಣೆಗೆ ಬೇಡ.

ನೆಡುವ ಕಾಲ ಮತ್ತು ಕ್ರಮ

ಗಿಡದ ಆಯ್ಕೆಯಷ್ಟೇ ನೆಡುವ ಹೊತ್ತೂ ಫಲವನ್ನು ನಿರ್ಧರಿಸುತ್ತದೆ. ಮಸಾರಿ ಮತ್ತು ಗರಸಿನಲ್ಲಿ ಮೃಗಶಿರ ಮಳೆ ಹಿಡಿದು ನೆಲ ಗೇಣುದ್ದ ನೆನೆದ ಮೇಲೆ, ಆರಿದ್ರಾ ಮುಗಿಯುವುದರೊಳಗೆ ನೆಟ್ಟರೆ ಸ್ವಾತಿ ಮಳೆಯವರೆಗೆ ಬೇರಿಗೆ ನಾಲ್ಕು ತಿಂಗಳು ಸಿಗುತ್ತದೆ. ಎರೆಯಲ್ಲಿ ಮಳೆಯ ನಡುವೆ ಕಾಲಿಡಬಾರದು, ತುಳಿದಷ್ಟೂ ಮಣ್ಣು ಬಿಗಿಯುತ್ತದೆ. ವರಪು ಬಿದ್ದು ಮಣ್ಣು ಹದಕ್ಕೆ ಬಂದ ದಿನಗಳನ್ನು ಕಾದು ನೆಡಬೇಕು. ಅದಕ್ಕಿಂತ ಮೊದಲು, ಬೇಸಿಗೆಯಲ್ಲಿಯೇ, ಮಾಳಿಗೆಯ ನೀರು ಮತ್ತು ಮೇಲಿನ ಅಂಗಳದ ನೀರು ಇಳಿಜಾರಿನ ಮೇಲೆ ಹರಿಯದಂತೆ ನೆತ್ತಿಯಲ್ಲಿ ಗಟಾರ ತೆಗೆದು ಪಕ್ಕಕ್ಕೆ ತಿರುಗಿಸಬೇಕು. ಈ ಒಂದು ಕೆಲಸ ಬಿಟ್ಟರೆ ಉಳಿದದ್ದೆಲ್ಲ ಮೊದಲ ದೊಡ್ಡ ಮಳೆಗೆ ಕೊಚ್ಚಿಹೋಗುತ್ತದೆ.

ಲಾವಂಚದ ಸಾಲು ಸಮಪಾತಳಿಯ ಗೆರೆಯ ಮೇಲೆಯೇ ಬರಬೇಕು, ಇಲ್ಲವಾದರೆ ನೀರು ತಗ್ಗಾದ ಕಡೆಗೆ ಕೂಡಿ ಅಲ್ಲಿ ಒಡೆಯುತ್ತದೆ. ನೀರು ತುಂಬಿದ ಪಾರದರ್ಶಕ ನಳಿಕೆಯಿಂದ ಗವಂಡಿಗಳು ಮಟ್ಟ ನೋಡುವ ರೀತಿಯಲ್ಲೇ ಈ ಗೆರೆಯನ್ನು ಗುರುತಿಸಬಹುದು. ಎರಡು ಮೂರು ಕವಲಿರುವ ಸಸಿಗಳನ್ನು ಎಲೆ ಒಂದು ಗೇಣು ಉಳಿಯುವಂತೆ ಕತ್ತರಿಸಿ, 10ರಿಂದ 15 ಸೆಂಟಿಮೀಟರ್ ಅಂತರದಲ್ಲಿ ಒತ್ತಾಗಿ ನೆಡಬೇಕು. ಸಾಲಿನಿಂದ ಸಾಲಿಗೆ ಒಂದು ಮೀಟರಿನಷ್ಟು ಅಂತರ ಸಾಕು. ನಡುವಿನ ಹಾಸುಗಿಡಗಳನ್ನು ತ್ರಿಕೋನ ಕ್ರಮದಲ್ಲಿ ನೆಟ್ಟರೆ ನೀರಿಗೆ ನೇರ ದಾರಿ ಸಿಗುವುದಿಲ್ಲ. 30 ಸೆಂಟಿಮೀಟರ್ ಅಂತರಕ್ಕೆ ಚದರ ಮೀಟರಿಗೆ ಸುಮಾರು 13 ಗಿಡ, 45ಕ್ಕೆ ಸುಮಾರು 6, 60ಕ್ಕೆ 3 ಗಿಡ ಬೇಕಾಗುತ್ತವೆ. ಲೆಕ್ಕ ಹಾಕುವಾಗ ನಕಾಶೆಯ ಅಗಲವನ್ನು ಹಿಡಿಯದೆ ಇಳಿಜಾರಿನ ಮೈಯನ್ನೇ ಟೇಪಿನಿಂದ ಅಳೆಯಬೇಕು. ಮೀಟರಿಗೆ 50 ಸೆಂಟಿಮೀಟರ್ ಇಳಿಯುವ ಓರೆಯಲ್ಲಿ ಮೈಯ ಅಳತೆ ನಕಾಶೆಗಿಂತ ನೂರಕ್ಕೆ 12ರಷ್ಟು ಹೆಚ್ಚಿರುತ್ತದೆ. ಗರಸಿನಲ್ಲಿ ಒಂದೊಂದು ಗಿಡಕ್ಕೂ ಗೇಣಾಳದ ಕುಣಿ ತೆಗೆದು, ಅದರ ತಳ ಗುಡ್ಡದ ಕಡೆಗೆ ತುಸು ಓರೆಯಾಗುವಂತೆ ಮಾಡಿ, ಕೆರೆಯ ಹೂಳು ಮತ್ತು ತಿಪ್ಪೆಗೊಬ್ಬರ ಬೆರೆಸಿ ತುಂಬಬೇಕು. ಎರೆಯಲ್ಲಿ ಹಾಗೆ ಬಟ್ಟಲು ಮಾಡಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಅಲ್ಲಿ ಗಿಡದ ಬುಡ ನೆಲದ ಮಟ್ಟಕ್ಕೇ ಇರಲಿ.

ಗಿಡ ಕೂಡಿಕೊಳ್ಳುವವರೆಗೆ ನಡುವಿನ ಬೋಳು ನೆಲವನ್ನು ಕಾಯಲು ಮಡಕಿ ಕಾಳು ಬಿತ್ತುವುದಕ್ಕಿಂತ ಅಗ್ಗದ ಉಪಾಯ ನನಗೆ ತಿಳಿದಿಲ್ಲ. ಜೂನ್ ಕೊನೆಯಲ್ಲಿ ಚೆಲ್ಲಿದ ಮಡಕಿ ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ, ಕಾಂಗ್ರೆಸ್ ಕಸಕ್ಕೆ ಬೆಳಕು ಸಿಗಗೊಡುವುದಿಲ್ಲ, ಬೇರಿನ ಗಂಟುಗಳಿಂದ ಸಾರಜನಕ ಕೊಡುತ್ತದೆ, ಒಣಗಿದ ಮೇಲೆ ತಾನೇ ಹೊದಿಕೆಯಾಗುತ್ತದೆ. ತಡವಾದವರು ಆಗಸ್ಟ್‌ನಲ್ಲಿ ಹುರಳಿ ಚೆಲ್ಲಬಹುದು. ಒಣ ಎಲೆಯ ಹೊದಿಕೆ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಹತ್ತಿ ಕಟ್ಟಿಗೆಯನ್ನೋ ಜೋಳದ ದಂಟನ್ನೋ ಇಳಿಜಾರಿಗೆ ಅಡ್ಡಲಾಗಿ ಹಾಸಿ ಗೂಟ ಹೊಡೆದರೆ ಎರಡು ಮಳೆಗಾಲ ಬರುತ್ತದೆ. ಓರೆ 27 ಡಿಗ್ರಿಗಿಂತ ಹೆಚ್ಚಿದ್ದಲ್ಲಿ ತೆಂಗಿನ ನಾರಿನ ಬಲೆಗೆ ಖರ್ಚು ಮಾಡುವುದು ವ್ಯರ್ಥವಲ್ಲ. ಗದಗ, ಕೊಪ್ಪಳದ ಎರೆ ಹೊಲಗಳಲ್ಲಿ ರೈತರು ಹಸಿ ಉಳಿಸಲು ಉಸುಕು–ಹರಳಿನ ಹೊದಿಕೆ ಹಾಕುವುದುಂಟು. ಇಳಿಜಾರಿನ ಬುಡದಲ್ಲಿ ನೆಲ ಸಮವಾಗುವ ಕಡೆ ಅದು ಬಿರುಕನ್ನು ಬಹಳ ಕಡಿಮೆ ಮಾಡುತ್ತದೆ, ಕಡಿದಾದ ಭಾಗದಲ್ಲಿ ಮಾತ್ರ ಉರುಳಿ ಕೆಳಗೆ ಬರುತ್ತದೆ.

ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಸಂಜೆಯ ಹೊತ್ತು, ನಿಧಾನವಾಗಿ ಇಂಗುವಂತೆ ನೀರು ಕೊಡಬೇಕು. ಹನಿ ನೀರಾವರಿಯ ಕೊಳವೆ ಗಿಡದ ಮೇಲ್ಬದಿಗೆ ಬರಬೇಕು, ಏಕೆಂದರೆ ನೀರು ಇಳಿಯುವುದು ಕೆಳಕ್ಕೆ. ಎರಡನೆಯ ಬೇಸಿಗೆಗೆ ತಿಂಗಳಿಗೆರಡು ಸಲ ಸಾಕು, ಮೂರನೆಯದಕ್ಕೆ ನೀರು ಕೇಳುವ ಗಿಡವನ್ನು ಕಿತ್ತು ಬೇರೆಯದನ್ನು ನೆಡುವುದು ಲೇಸು. ಲಾವಂಚವನ್ನು ವರ್ಷಕ್ಕೆರಡು ಸಲ, ಮುಂಗಾರಿಗೆ ಮೊದಲು ಒಮ್ಮೆ ಮತ್ತು ಬನ್ನಿಹಬ್ಬದ ಹೊತ್ತಿಗೆ ಒಮ್ಮೆ, ಮೊಣಕಾಲೆತ್ತರಕ್ಕೆ ಕೊಯ್ದರೆ ಬುಡ ಒತ್ತಾಗುತ್ತದೆ. ಕೊಯ್ದ ಗರಿಯನ್ನು ಅದೇ ಸಾಲಿನ ಮೇಲ್ಬದಿಗೆ ಹಾಸಬೇಕು. ಹಾವಿನ ಭಯವಿರುವವರು ಮನೆಗೆ ತಾಗಿದ ಒಂದು ಮೀಟರ್ ಪಟ್ಟಿಯಲ್ಲಿ ಪೊದೆ, ಲಾವಂಚ ಏನನ್ನೂ ನೆಡದೆ, ಕರಿಕೆಯನ್ನೋ ನೆಲಹಿಪ್ಪಲಿಯನ್ನೋ ಗಿಡ್ಡವಾಗಿ ಇಟ್ಟುಕೊಳ್ಳಬೇಕು. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಬೇಕು; ಕಿತ್ತ ಜಾಗವನ್ನು ಅಂದೇ ಹಾಸುಗಿಡದ ಒಂದು ಕಡ್ಡಿ ನೆಟ್ಟು ತುಂಬದಿದ್ದರೆ ಮುಂದಿನ ಮಳೆಗೆ ಅದೇ ಕಸ ಅಲ್ಲಿಯೇ ಏಳುತ್ತದೆ.